ಚಿಕ್ಕ ಕೋಣೆಯ ಗೋಡೆ

ಬಾಡಿಗೆಗೆ ಬಿಡೋಣವೆಂದು ನಾನು ಉತ್ತರಹಳ್ಳಿಯಲ್ಲಿ ಹೊಸ ಫ್ಲ್ಯಾಟ್ ಕೊಂಡೆ. "ಈ ಕಡೆ ಮೆಟ್ರೋ ಬಂದ್ಮೇಲೆ ಮನೆ ಖಾಲಿ ಇರೋದೇ ಇಲ್ಲ ಮೇಡಂ" ಎಂದಿದ್ದರು ಬ್ರೋಕರ್. ಆದರೆ ಬಂದವರೆಲ್ಲ ಬೇಗ ಬಿಟ್ಟು ಹೋದರು. ಯಾರೂ ಇಲ್ಲದ ಚಿಕ್ಕ ಕೋಣೆಯಲ್ಲಿ ಮಗು ಕೆಮ್ಮುವುದು ಕೇಳಿಸುತ್ತದೆ, ಗೋಡೆ ಬಿಸಿಯಾಗಿರುತ್ತದೆ ಎಂದರು. ಹೋಗಿ ಮುಟ್ಟಿ ನೋಡಿದೆ. ಬಿಸಿಲೇ ಬೀಳದ ಗೋಡೆ, ಜ್ವರ ಬಂದ ಹಣೆಯಂತೆ ಸುಡುತ್ತಿತ್ತು.

ಆಮೇಲೆ ಬಂದ ವೆಂಕಟಸ್ವಾಮಿ, ಈಶ್ವರಮ್ಮ ದಂಪತಿಗೆ ಏನನ್ನೂ ಮುಚ್ಚಿಡದೆ ಹೇಳಿದೆ. ಈಶ್ವರಮ್ಮ ಗೋಡೆಯ ಮೇಲೆ ಅಂಗೈಯಿಟ್ಟು ತುಂಬ ಹೊತ್ತು ನಿಂತರು. ಅವರ ಒಬ್ಬಳೇ ಮಗಳು ಚಿಕ್ಕಂದಿನಲ್ಲೇ ಜ್ವರ ಬಂದು ತೀರಿಕೊಂಡಿದ್ದಳಂತೆ. ಅವರು ಅಲ್ಲೇ ಉಳಿದರು.

ಈ ವರ್ಷ ಬೇರೆ ಯಾರೋ ಫ್ಲ್ಯಾಟನ್ನು ಒಳ್ಳೆಯ ಬೆಲೆಗೆ ಕೇಳಿದರು. ಮಾರುತ್ತೇನೆ, ಮನೆ ಬಿಡಬೇಕು ಎಂದು ಹೇಳಲು ಮಧ್ಯಾಹ್ನ ಹೋದೆ. ಈಶ್ವರಮ್ಮ ಒಬ್ಬರೇ ಇದ್ದರು. ನನ್ನ ಮಾತು ಕೇಳಿ ಅವರ ಕಣ್ಣು ತುಂಬಿತು.

"ಈಗ್ತಾನೆ ಜ್ವರ ಇಳೀತಿದೆ ಮೇಡಂ. ಹೆಂಗೆ ಬಿಟ್ಟು ಹೋಗ್ಲಿ?"

ಕೋಣೆಗೆ ಹೋಗಿ ಗೋಡೆ ಮುಟ್ಟಿದೆ. ತಣ್ಣಗಿತ್ತು, ಬೆವೆತಿತ್ತು. ಮಾರುವುದಿಲ್ಲ ಎಂದು ಹೇಳಿ ಹೊರಗೆ ಬಂದೆ.

ಚಪ್ಪಲಿ ಹಾಕಿಕೊಳ್ಳುವಾಗ ಒಳಗಿನಿಂದ ಈಶ್ವರಮ್ಮನ ಮಾತು ಕೇಳಿಸಿತು: "ಆಂಟಿ ಹೋದ್ರು ಕಣಮ್ಮ, ಮಲಕ್ಕೋ."

"ಹ್ಞೂಂ" ಎಂದಿತು ಸಣ್ಣ ದನಿಯೊಂದು.