ಬ್ಯಾಂಡ್ ಮಾಸ್ಟರ್ ಕರಡಿಯ ಕೈ

"ಕೈ ಮುರಿದಿದೆ. ಸರಿಮಾಡಿ ಕೊಡ್ತೀರಾ?"

ಬಾಗಿಲಲ್ಲಿ ನಿಂತವನನ್ನು ಅಡಿಯಿಂದ ಮುಡಿಯವರೆಗೆ ನೋಡಿದೆ. ಎರಡು ಕೈಯೂ ನೆಟ್ಟಗೆ, ಕಲ್ಲುಗುಂಡಿನ ಹಾಗಿದ್ದವು.

"ಮೂಳೆ ಡಾಕ್ಟರ್ ಮೇಲಿನ ಮಹಡಿ. ಇಲ್ಲಿ ಕಟ್ಟುಹಲ್ಲು ಮಾತ್ರ," ಎಂದು ಮತ್ತೆ ಕೆಲಸಕ್ಕೆ ಬಗ್ಗಿದೆ.

"ನನ್ನ ಕೈ ಅಲ್ಲ. ಇವನದ್ದು."

ಎದೆಗವಚಿ ಹಿಡಿದಿದ್ದ ಪುಟ್ಟ ಡಬ್ಬಿಯನ್ನು ತೆರೆದ. ಹತ್ತಿಯ ಮೇಲೆ ಒಂದು ಕರಡಿ ಮಲಗಿತ್ತು. ಕೆಂಪು ಕೋಟು, ಚಿನ್ನದ ಬಣ್ಣದ ಗುಂಡಿ, ನೆತ್ತಿಯಲ್ಲಿ ನೇತುಹಾಕುವ ಕೊಕ್ಕೆ. ಬಲಗೈ ಮಾತ್ರ ಮಣಿಕಟ್ಟಿನಿಂದ ಮಾಯ.

"ಕ್ರಿಸ್‌ಮಸ್ ಮರಕ್ಕೆ ಹಾಕೋದು. ಹಳೇ ಕಾರ್ಟೂನ್‌ನ ಬ್ಯಾಂಡ್ ಮಾಸ್ಟರ್. ಕೈಯಿಲ್ಲದೆ ಬ್ಯಾಂಡ್ ಹೇಗೆ ನಡೆಸ್ತಾನೆ, ಪಾಪ?"

ಅವನು ನಮ್ಮ ಕಟ್ಟಡದ ಲಿಫ್ಟ್ ರಿಪೇರಿಗೆ ಬರುವವನು. ಇಷ್ಟು ದಿನ ಅವನ ಬೂಟುಗಳನ್ನಷ್ಟೇ ನೋಡಿದ್ದೆ, ಉಳಿದ ಭಾಗ ಲಿಫ್ಟಿನ ಅಡಿಯಲ್ಲಿರುತ್ತಿತ್ತು. ಉಳಿದ ಭಾಗವೂ ನೋಡಲು ಚೆನ್ನಾಗಿಯೇ ಇದೆಯೆಂದು ಆವತ್ತು ಗೊತ್ತಾಯಿತು.

"ಎಲ್ರೂ ಬಿಸಾಕು, ಬೇರೆ ತಗೋ ಅಂತಾರೆ. ಅಜ್ಜಿ ಪ್ರತಿ ಕ್ರಿಸ್‌ಮಸ್‌ಗೂ ಒಂದೊಂದು ಕೊಡಿಸ್ತಿದ್ರು. ಇದು ಅವರು ಕೊಡಿಸಿದ ಕೊನೇದು," ಎಂದ.

ಪಕ್ಕದ ಮೇಜಿನಿಂದ ಚಿಕ್ಕಪ್ಪ ಕನ್ನಡಕದ ಮೇಲಿಂದ ನೋಡಿದರು. ಲ್ಯಾಬು ಅವರದ್ದು. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ, ನಾವಿಬ್ಬರು ಹಲ್ಲು ಮಾಡಿ ಕಳಿಸುತ್ತೇವೆ. ಕರಡಿಯ ಕೈ ನಮ್ಮ ಕೆಲಸವಲ್ಲ ಎಂದು ಅವರು ಹೇಳುವ ಮೊದಲೇ ನಾನು ಹೇಳಿಬಿಟ್ಟೆ: "ನಾಡಿದ್ದು ಬನ್ನಿ."

ಕರಡಿಯ ಎಡಗೈ ಕೋಟಿನ ಜೇಬಿನಲ್ಲಿತ್ತು, ಹೊರಗೆ ಕಂಡದ್ದು ಬಿಳಿ ಗ್ಲೌಸಿನ ಅಂಚಷ್ಟೇ. ಹಲ್ಲಿನ ಬಿಳಿಯೇ ಅದಕ್ಕೆ ಸರಿಯಾಗಿ ಹೊಂದಿತು. ಭೂತಗನ್ನಡಿ ಹಿಡಿದು ಒಂದೊಂದೇ ಬೆರಳು ಕೊರೆದೆ, ಗೆಣ್ಣು ಮೂಡಿಸಿದೆ, ಬೆರಳ ಸಂದಿಗೆ ಬ್ಯಾಂಡಿನ ಕೋಲನ್ನೂ ಇಟ್ಟೆ. ನನ್ನ ಕೆಲಸಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಅವನು ಬಂದು ನೋಡಿದವನೇ ಕಿಸಕ್ಕನೆ ನಕ್ಕ. ನಗುವಾಗ ಅವನ ಕಿವಿಗಳು ಕೆಂಪಾಗುತ್ತಿದ್ದವು.

"ಏನಾಯ್ತು?"

"ಐದು ಬೆರಳು!"

"ಮತ್ತೆಷ್ಟಿರ್ಬೇಕು? ನಿಮಗೆಷ್ಟಿವೆ?"

"ಕಾರ್ಟೂನ್‌ನವರಿಗೆ ನಾಲ್ಕೇ ಕಣ್ರೀ. ನೀವು ಚಿಕ್ಕೋರಿದ್ದಾಗ ನೋಡೇ ಇಲ್ವಾ?"

"ನಮ್ಮನೇಲಿ ಟಿವಿ ರಿಮೋಟು ಅಮ್ಮನ ಮಡಿಲಲ್ಲೇ ಇರ್ತಿತ್ತು."

ನನಗೆ ಮೂಗಿನ ತುದಿಯಲ್ಲೇ ಕೋಪ. ಅದು ಗೊತ್ತಾಯಿತೇನೋ, ಅವನು ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತು ಫೋನು ತೆಗೆದ. ಕಪ್ಪು ಬಿಳುಪು ಪರದೆಯಲ್ಲಿ ಕರಡಿ ಕೋಲು ಬೀಸುತ್ತಿತ್ತು, ಹೆಗ್ಗಣ ಪಿಯಾನೋ ಕುಟ್ಟುತ್ತಿತ್ತು. ಎಣಿಸಿದೆ. ನಾಲ್ಕೇ.

"ಚಿತ್ರ ಬರೆಯೋರಿಗೆ ಒಂದು ಬೆರಳಿನ ಕೆಲಸ ಉಳೀತಲ್ಲ," ಎಂದ. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ, "ಕರಡಿ ಫೋನಲ್ಲಿದೆ," ಎಂದ.

ನಾನು ನೋಡುತ್ತಿದ್ದದ್ದು ಅವನ ಕಿವಿಯನ್ನು. ಈಗ ಕೆಂಪಾಗುವ ಸರದಿ ನನ್ನದು.

ಒಂದು ಬೆರಳನ್ನು ಅರೆದು ತೆಗೆದೆ. ಇನ್ನು ಅಂಟಿಸುವುದಷ್ಟೇ. ನಮ್ಮಲ್ಲಿ ಎರಡು ಅಂಟುಗಳಿವೆ. ಒಂದು ಪಕ್ಕಾ, ಕೂತರೆ ಆಯುಷ್ಯವಿಡೀ ಕೂತೇ ಇರುತ್ತದೆ. ಇನ್ನೊಂದು ಕಚ್ಚಾ, ಹೊಸ ಹಲ್ಲು ಬರುವ ತನಕ ತಾತ್ಕಾಲಿಕ ಹಲ್ಲನ್ನು ನಿಲ್ಲಿಸಲಿಕ್ಕೆ. ಕೆಲವು ದಿನ ಹಿಡಿದಿದ್ದು ಆಮೇಲೆ ತಾನಾಗಿ ಬಿಡುತ್ತದೆ. ನನ್ನ ಕೈ ಕಚ್ಚಾ ಟ್ಯೂಬಿಗೆ ಹೋಯಿತು. ತಪ್ಪಿ ಹೋದದ್ದಲ್ಲ. ಅವನು ಇನ್ನೊಮ್ಮೆ ಬರಲಿ ಎಂದು ಆಸೆಯಾಯಿತು, ಅಷ್ಟೇ.

ಬಂದ. ಮತ್ತೆ ಬಂದ. ಪ್ರತಿ ಸಲವೂ "ಯಾಕೋ ಮತ್ತೆ ಬಿತ್ತು ಕಣ್ರೀ" ಎನ್ನುತ್ತಾ ಡಬ್ಬಿ ಇಡುತ್ತಿದ್ದ. ಜೊತೆಗೆ ತನ್ನ ಸಂಗ್ರಹದಿಂದ ಒಂದನ್ನು ತೋರಿಸಲೆಂದು ತರುತ್ತಿದ್ದ. ಒಮ್ಮೆ ಚೀಲ ಹೊತ್ತ ಗೂಬೆ ಪೋಸ್ಟ್‌ಮನ್, ಒಮ್ಮೆ ಪಿಯಾನೋ ಹೆಗ್ಗಣ. ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯುವನು. ನಾನು ಹಾಗೇ ಎತ್ತಿಕೊಳ್ಳಲು ಹೋದರೆ, "ಕೈ ತೊಳೆದ್ರಾ?" ಎಂದು ಮೇಷ್ಟ್ರ ಹಾಗೆ ಕೇಳುವನು. ಒಂದು ಸಣ್ಣ ಗೀರು ಬಿದ್ದರೂ ಅವನ ಜೀವ ಹೋದಂತೆ.

"ಅಂಟು ಹಳೇದಾಗಿದ್ಯೇನೋ," ಎಂದು ಅವನು ಒಂದು ದಿನ ಸುಮ್ಮನೆ ಅಂದ.

"ನನ್ನ ಅಂಟಿಗೇನಾಗಿದೆ? ನಾನೇನು ಬೇಕಂತ ಮಾಡ್ತೀನಾ?" ಎಂದು ಹಾರಿಬಿದ್ದೆ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ," ಎಂದರು ಚಿಕ್ಕಪ್ಪ, ಅಚ್ಚಿನಿಂದ ತಲೆಯೆತ್ತದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಅವರು ಅಷ್ಟೂ ದಿನ ನೋಡುತ್ತಿದ್ದರು.

ಆಮೇಲೊಂದು ಬೆಳಿಗ್ಗೆ ಅವನು ಬಂದಾಗ ಮುಖ ಬಿಳಿಚಿಕೊಂಡಿತ್ತು.

"ಮರಕ್ಕೆ ಹಾಕ್ತಾ ಇದ್ದೆ. ಕೈ ಕಳಚಿ ಬಿತ್ತು. ಹಿಡ್ಕೊಳ್ಳೋಕೆ ಹೋದೆ, ಕರಡೀನೂ ಜಾರಿತು. ಸದ್ಯ, ಸೋಫಾ ಮೇಲೆ ಬಿತ್ತು. ನೆಲಕ್ಕೆ ಬಿದ್ದಿದ್ರೆ..." ಡಬ್ಬಿಯ ಹತ್ತಿಯನ್ನು ಮತ್ತೆ ಮತ್ತೆ ಸರಿಪಡಿಸಿದ. "ಅಜ್ಜಿದು ಅಂತ ಇರೋದು ಇದೊಂದೇ ಅಲ್ಲ, ನಿಜ. ಆದ್ರೂ..."

ನನ್ನ ಆಸೆಗೆ ಅವನ ಅಜ್ಜಿಯ ಕರಡಿ ಚೂರಾಗುತ್ತಿತ್ತು. ಪಕ್ಕಾ ಅಂಟು ಹಾಕಿದರೆ ಅವನು ಮತ್ತೆ ಬರಲು ಕಾರಣವೇ ಉಳಿಯುವುದಿಲ್ಲ. ಹಾಕದಿದ್ದರೆ ನನ್ನ ಮುಖ ನಾನೇ ನೋಡಿಕೊಳ್ಳಲಾರೆ.

ಪಕ್ಕಾ ಟ್ಯೂಬು ತೆಗೆದೆ. ಕಣ್ಣು ತುಂಬಿ ಬಂದದ್ದಕ್ಕೆ ಹಲ್ಲು ಅರೆದ ಧೂಳಿನ ಮೇಲೆ ತಪ್ಪು ಹಾಕಿದೆ.

"ತಗೊಳ್ಳಿ. ಇನ್ನು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬೀಳಲ್ಲ."

"ಬೀಳೋದೇ ಇಲ್ವಾ?" ಖುಷಿಪಡಬೇಕಾದವನು ಕರಡಿಯ ಕೈಯನ್ನು ಮೆಲ್ಲಗೆ ಎಳೆದು ನೋಡಿದ. ಅದು ಅಲುಗಲಿಲ್ಲ. "ಚೆನ್ನಾಗಿ ಕೂತಿದೆ," ಎಂದು ಹೇಳಿ, ಬಾಗಿಲ ಬಳಿ ಸುಮ್ಮಸುಮ್ಮನೆ ಬೂಟಿನ ದಾರ ಬಿಚ್ಚಿ ಕಟ್ಟಿ, ಹೊರಟುಹೋದ.

ಆಮೇಲೆ ಲ್ಯಾಬಿನಲ್ಲಿ ಹಲ್ಲುಗಳೇ ಹಲ್ಲುಗಳು. ಹಾಳಾದ ಲಿಫ್ಟು ಕೂಡ ಸರಿಯಾಗಿ ಓಡುತ್ತಿತ್ತು. ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಒತ್ತಿ ನೋಡಿದೆ, ಕೆಡಲಿಲ್ಲ. ಅಂಥ ಅಚ್ಚುಕಟ್ಟಾದ ಕೆಲಸಗಾರನನ್ನು ಮನಸಾರೆ ಬೈದುಕೊಂಡೆ.

ಕ್ರಿಸ್‌ಮಸ್ಸಿನ ಹಿಂದಿನ ದಿನ ಸಂಜೆ ಬಾಗಿಲು ಸದ್ದಾಯಿತು. ಅವನೇ, ಅದೇ ಡಬ್ಬಿ.

"ಕರಡಿನಾ?" ಎಂದು ಎದ್ದೇ ನಿಂತೆ.

"ಅಲ್ಲ. ಆಮೆ. ಬಾಲ ಮುರಿದು ಹೋಯ್ತು."

ಸೈಕಲ್ ತುಳಿಯುವ ಆಮೆ, ಅದರ ಕತೆಯನ್ನು ಅವನು ಎಷ್ಟೋ ಸಲ ಹೇಳಿದ್ದ. ಇದಕ್ಕಾಗಿ ಅವನು ಊರೂರಿನ ಹಳೇ ಸಾಮಾನಿನ ಅಂಗಡಿ ಸುತ್ತಿ, ವರ್ಷಗಟ್ಟಲೆ ಕಾದು ಕೊನೆಗೂ ಸಂಪಾದಿಸಿದ್ದ. ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಭೂತಗನ್ನಡಿ ಹಿಡಿದೆ. ಬಾಲ ಮುರಿದಲ್ಲಿ ಅಂಚು ಒರಟಾಗಿರಲಿಲ್ಲ. ಸಾಲಾಗಿ ಸಣ್ಣ ಗೆರೆಗಳಿದ್ದವು.

"ಇದು ಬಿದ್ದು ಮುರಿದದ್ದಲ್ಲ."

"ಮತ್ತೆ?"

"ಯಾರೋ ಕಬ್ಬಿಣ ಕೊಯ್ಯೋ ಹ್ಯಾಕ್‌ಸಾ ಬ್ಲೇಡಲ್ಲಿ ಕೊಯ್ದಿದ್ದಾರೆ."

ಅವನ ಕಿವಿ ಕೆಂಪಾಯಿತು, ಕೆನ್ನೆ ಕೆಂಪಾಯಿತು, ಕತ್ತೂ ಕೆಂಪಾಯಿತು.

"ನಿಮ್ಮ ಟೂಲ್ ಬಾಕ್ಸಲ್ಲಿ ಆ ಬ್ಲೇಡ್ ಇರತ್ತೆ, ಅಲ್ವಾ?"

"ಮತ್ತಿನ್ನೇನು ಮಾಡ್ಲಿ?" ಎಂದ, ತಪ್ಪೆಲ್ಲ ನನ್ನದೇ ಎಂಬಂತೆ. "ನೀವು ಕರಡಿ ಕೈನ ಮೊಮ್ಮಕ್ಕಳ ಕಾಲದವರೆಗೂ ಅಂಟಿಸಿಬಿಟ್ರಿ. ಲಿಫ್ಟೂ ಕೆಡಲ್ಲ. ಸುಮ್ನೆ ಬಂದು ನಿಂತ್ರೆ ನಿಮ್ಮ ಚಿಕ್ಕಪ್ಪ ಏನಂದ್ಕೋತಾರೆ? ಬ್ಲೇಡ್ ಇಡೋವಾಗ ಕಣ್ಣು ಮುಚ್ಕೊಂಡೆ. ನಂಗೆ ನೀವಿಲ್ದೆ ಆಗಲ್ಲ ಕಣ್ರೀ. ನೀವಂದ್ರೆ ಅಷ್ಟು ಇಷ್ಟ."

ಗೀರಿಗೂ ಜೀವ ಬಿಡುವ ಮನುಷ್ಯ, ಆ ಆಮೆಯ ಬಾಲ ಕೊಯ್ದು ತಂದಿದ್ದ! ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ದಡ್ಡ," ಎಂದೆ. "ಕರಡಿ ಕೈ ಅಷ್ಟು ಸಲ ಯಾಕೆ ಬಿತ್ತು ಅಂದ್ಕೊಂಡೆ? ತಾನಾಗೇ ಬಿಡೋ ಅಂಟು ಹಾಕ್ತಿದ್ದೆ, ನೀನು ಬರ್ಲಿ ಅಂತ."

ಅವನು ಬಾಯಿ ತೆರೆದವನು ಹಾಗೇ ನಿಂತ. ಹಲ್ಲುಗಳು ಚೆನ್ನಾಗಿವೆ, ಎಲ್ಲವೂ ಸ್ವಂತದ್ದೇ.

"ಸೋಫಾ ಇಲ್ದಿದ್ರೆ ಕರಡಿ ಗತಿ?" ಎಂದ ಕೊನೆಗೆ.

"ಅದಕ್ಕೇ ಪಕ್ಕಾ ಹಾಕಿದ್ದು. ಹಾಕಿ ಅತ್ತಿದ್ದು."

ಪಕ್ಕಾ ಟ್ಯೂಬನ್ನು ತೆಗೆದು ಬಾಲ ಕೂರಿಸಿದೆ. "ಹಿಡ್ಕೋ. ಆರೋವರೆಗೂ ಅಲುಗಾಡಬಾರದು." ಅವನು ಆಮೆಯನ್ನು ಹಿಡಿದ. ನಾನು ಬಾಲವನ್ನು ಹಿಡಿದೆ. ಅಷ್ಟು ಚಿಕ್ಕ ಆಮೆ. ಬೆರಳುಗಳಿಗೆ ಬೇರೆ ಜಾಗ ಇರಲಿಲ್ಲ, ಒಂದರ ಮೇಲೊಂದು ಕೂತವು. ಅವನು ನನ್ನನ್ನು ನೋಡಿದ. ನಾನು ಆಮೆಯನ್ನು ನೋಡುವಂತೆ ನಟಿಸಿದೆ, ಆಮೇಲೆ ನಟನೆ ಬಿಟ್ಟೆ.

"ಆರಿತಾ?" ಎಂದ ಪಿಸುದನಿಯಲ್ಲಿ.

"ಇನ್ನೂ ಇಲ್ಲ."

ಚಿಕ್ಕಪ್ಪ ತಮ್ಮ ಮೇಜಿನ ದೀಪವಾರಿಸಿದರು, ಕೋಟು ಹಾಕಿಕೊಂಡರು, ಬೀಗ ಹುಡುಕಿದರು. "ಅದು ಆರಿ ಎಷ್ಟು ಹೊತ್ತಾಯ್ತಮ್ಮಾ," ಎಂದರು.

"ನಿಮಗೆ ಗೊತ್ತಾಗಲ್ಲ ಚಿಕ್ಕಪ್ಪ," ಎಂದೆ. "ನೀವು ಹೊರಡಿ. ಬೀಗ ನಾವು ಹಾಕ್ಕೊಂಡು ಬರ್ತೀವಿ."