ಇಲ್ಲದ ಪ್ರಿಂಟರಿನ ಹಾಜರಿ

"ಯಾರೂ ಕೀ ಮುಟ್ಟಬೇಡಿ. ಅದು ಪ್ರಿಂಟರ್ ಹುಡುಕ್ತಾ ಇದೆ," ಎಂದರು ಸತ್ಯಮೂರ್ತಿ ಸರ್.

ಹುಡುಕಲಿ ಪಾಪ. ಮುಂಬಯಿ ವಿಕ್ರೋಳಿಯ ಆ ಕನ್ನಡ ಶಾಲೆಯಲ್ಲಿ ಪ್ರಿಂಟರ್ ಇದ್ದರೆ ತಾನೇ ಸಿಗುವುದು? ಯಾವುದೋ ಆಫೀಸಿನವರು ತಮಗೆ ಬೇಡವಾದ ಕಂಪ್ಯೂಟರನ್ನು ದೊಡ್ಡ ಮನಸ್ಸು ಮಾಡಿ ಶಾಲೆಗೆ ದಾನ ಕೊಟ್ಟಿದ್ದರು. ಪ್ರಿಂಟರ್ ಆಮೇಲೆ ಕಳಿಸುತ್ತೇವೆ ಎಂದಿದ್ದರು. ಅದಕ್ಕೆಂದು ಸರ್ ಒಂದು ವರ್ಷದಿಂದ ಒಂದು ಮೇಜನ್ನು ಖಾಲಿ ಇಟ್ಟು, ದಿನಾ ಒರೆಸುತ್ತಿದ್ದರು. ಇಡೀ ಶಾಲೆಯಲ್ಲಿ ಧೂಳಿಲ್ಲದ ಜಾಗ ಅದೊಂದೇ.

ಐದನೇ ಕ್ಲಾಸಿನ ಚಂದ್ರವ್ವ ಕೈಕಟ್ಟಿ ಸ್ಕ್ರೀನ್ ನೋಡುತ್ತಿದ್ದಳು. ವಾರಕ್ಕೊಮ್ಮೆ ಒಬ್ಬರಿಗೆ ಐದೇ ನಿಮಿಷ. ಚಿತ್ರ ಬಿಡಿಸುವ ಪ್ರೋಗ್ರಾಮ್ ಶುರುವಾಗುವ ಮುಂಚೆ ಮೌಸ್ ಹುಡುಕುತ್ತಿತ್ತು, ಆಮೇಲೆ ಪ್ರಿಂಟರ್ ಹುಡುಕುತ್ತಿತ್ತು. ಎರಡೂ ಇರಲಿಲ್ಲ. ನಾಲ್ಕು ನಿಮಿಷ ಅದಕ್ಕೇ ಖರ್ಚು. ಒಬ್ಬರದು ಮುಗಿದ ಕೂಡಲೇ, ಬಿಸಿಯಾಗುತ್ತದೆಂದು ಸರ್ ಕಂಪ್ಯೂಟರ್ ಆಫ್ ಮಾಡಿ, ಬಟ್ಟೆ ಹೊದಿಸಿ, ಮಗುವಿನಂತೆ ಮಲಗಿಸುತ್ತಿದ್ದರು. ಮುಂದಿನವರಿಗೆ ಮತ್ತೆ ಮೊದಲಿಂದ ಹುಡುಕಾಟ.

ಬಾಣದ ಕೀ ಒತ್ತಿ ಒತ್ತಿ ಲೋಕಲ್ ಟ್ರೈನ್ ಬಿಡಿಸಬೇಕೆಂದು ಚಂದ್ರವ್ವನ ಆಸೆ. ಪ್ರತಿ ವಾರವೂ ಎರಡು ಚಕ್ರಕ್ಕೇ ಟೈಮ್ ಮುಗಿಯುತ್ತಿತ್ತು. ಮುಂದಿನ ವಾರದಿಂದ ಕಂಪ್ಯೂಟರ್ ಆರನೇ ಕ್ಲಾಸಿಗೆ. ಇವತ್ತೇ ಕೊನೆ. ಅವಳಿಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು.

ಬೇರೆ ಕೆಲಸವಿಲ್ಲದೆ ಸ್ಕ್ರೀನಿನ ಮೂಲೆಯ ಸಣ್ಣ ಅಕ್ಷರ ಓದಿದಳು. ಎಫ್ ಟು ಒತ್ತಿದರೆ ಸೆಟಪ್ ಅಂತೆ. ಕೊನೆಯ ಒಂದು ನಿಮಿಷದಲ್ಲಿ ಚಕ್ರ ಬಿಟ್ಟು ಅದನ್ನೇ ಒತ್ತಿದಳು. ಶುರುವಿನಲ್ಲಿ ಮೌಸ್ ಹುಡುಕಲೇ? ಯೆಸ್. ಪ್ರಿಂಟರ್ ಹುಡುಕಲೇ? ಯೆಸ್. ಎರಡನ್ನೂ ನೋ ಮಾಡಿದಳು.

ಸರ್ ಹೌಹಾರಿದರು. "ಏನಮ್ಮ ಮಾಡಿದೆ?"

"ಇಲ್ಲದ್ದನ್ನ ಹುಡುಕಬ್ಯಾಡ ಅಂತ ಹೇಳೀನ್ರಿ ಸರ್."

"ನಾಳೆ ಪ್ರಿಂಟರ್ ಬಂದ್ರೆ?"

"ಬಂದ ಮ್ಯಾಲೆ ಯೆಸ್ ಮಾಡಿದ್ರ ಆತ್ರಿ."

ಸರ್ ನಂಬದೆ ಆಫ್ ಮಾಡಿ ಆನ್ ಮಾಡಿದರು. ಪ್ರೋಗ್ರಾಮ್ ತಟ್ಟನೆ ತೆರೆಯಿತು. ಅವರು ಖಾಲಿ ಮೇಜನ್ನೊಮ್ಮೆ ನೋಡಿ, ಇನ್ನೈದು ನಿಮಿಷ ತಗೋ ಎಂದರು. ಅವತ್ತು ಟ್ರೈನಿಗೆ ಡಬ್ಬಿ ಬಂತು, ಕಿಟಕಿ ಬಂತು, ಬಾಗಿಲಲ್ಲಿ ಜೋತಾಡುವ ಜನರೂ ಬಂದರು.

ಮರುದಿನ ಬೆಳಿಗ್ಗೆ ಹಾಜರಿ. "ದೂಜ," ಎಂದು ಸರ್ ಕರೆದರು.

ಅಪ್ಪನಿಗೆ ಬಾಂದ್ರಾದಲ್ಲಿ ಕೆಲಸ ಸಿಕ್ಕಿ ದೂಜ ಶಾಲೆ ಬಿಟ್ಟು ಆರು ತಿಂಗಳಾಗಿತ್ತು. ಆದರೂ ಸರ್ ದಿನಾ ಮೂರು ಸಲ ಅವನ ಹೆಸರು ಕೂಗುತ್ತಿದ್ದರು. ಹೆಸರು ಹೊಡೆದುಹಾಕಲು ಶಾಲೆಯ ಆಫೀಸಿನಿಂದ ಚೀಟಿ ಬರಬೇಕಂತೆ. ಮಕ್ಕಳಿಗಂತೂ ದಿನಾ ಬಿಟ್ಟಿ ತಮಾಷೆ.

ಇದನ್ನೂ ನೋ ಮಾಡಬಹುದಲ್ಲ ಎಂದು ಚಂದ್ರವ್ವನಿಗೆ ಹೊಳೆಯಿತು. ನಿನ್ನೆಯಿಂದ ಅವಳು ಭಾರಿ ಇಂಜಿನಿಯರ್ ತಾನೇ. ಹೇಳಲು ಎದ್ದು ನಿಂತಳು.

"ದೂಜ," ಸರ್ ಎರಡನೇ ಸಲ ಕರೆದರು. ಬೇರೆಯವರ ಹೆಸರಿಗೆ ರಿಜಿಸ್ಟರಿನಿಂದ ತಲೆಯೆತ್ತದವರು ಈಗ ಬಾಗಿಲು ನೋಡುತ್ತಿದ್ದರು. ಶಾಲೆಯಲ್ಲಿದ್ದಷ್ಟು ದಿನ ಅವರ ಜೊತೆ ನಿಂತು ಪ್ರಿಂಟರಿನ ಆ ಖಾಲಿ ಮೇಜು ಒರೆಸುತ್ತಿದ್ದವನು ದೂಜ ಒಬ್ಬನೇ.

"ಏನಮ್ಮ?" ಎಂದರು ಸರ್.

"ಏನಿಲ್ರಿ ಸರ್." ಅವಳು ಕೂತಳು.

ಮೂರನೇ ಸಲ ಕರೆದಾಗ ಹಿಂದಿನ ಬೆಂಚಿನವರು ಕಿಸಕ್ಕೆಂದರು. ಚಂದ್ರವ್ವ ನಗಲಿಲ್ಲ. ತಾನೂ ಒಮ್ಮೆ ಬಾಗಿಲ ಕಡೆ ನೋಡಿದಳು.