ಮೊದಲು ಬಂದ ನೀಲಿ ಪೆನ್‌ಡ್ರೈವ್

ಕೊಯ್ಲಿನ ಕಾಲ. ಬೀದಿಯಲ್ಲಿ ಹುಲ್ಲಿನ ಗಾಡಿ ಹೋದಾಗಲೆಲ್ಲ ಅಕ್ಕನ ಕಂಪ್ಯೂಟರ್ ರಿಪೇರಿ ಅಂಗಡಿಯೊಳಗೆ ಧೂಳು ನುಗ್ಗುತ್ತಿತ್ತು. ಅಕ್ಕ ಬಾಗಿಲ ಬಳಿ ಕೂತು, ಶಾಲೆಯಿಂದ ಬಂದ ಹಳೇ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಬ್ರಷ್ಷಿನಿಂದ ಕೊಡವುತ್ತಿದ್ದಳು. ಒಳಗಿನ ಮೇಜಿನ ಮುಂದೆ ಅವಳ ತಂಗಿ, ಐದನೇ ಕ್ಲಾಸಿನ ಗುಬ್ಬಿ.

ಗೋಡೆಯ ಮೇಲೆ, ಕಂಪ್ಯೂಟರ್ ಯಾವುದನ್ನು ಏನೆಂದು ಕರೆಯುತ್ತದೆ ಎಂದು ಅಕ್ಕ ಬರೆದು ಅಂಟಿಸಿದ ಚೀಟಿಯಿತ್ತು. ‘ಎಸ್‌ಡಿಎ: ಒಳಗಿನ ಡಿಸ್ಕ್, ಮುಟ್ಟಬೇಡ. ಎಸ್‌ಡಿಬಿ: ಪೆನ್‌ಡ್ರೈವ್.’ ಕೆಂಪು ಪೆನ್‌ಡ್ರೈವಿಗೆ ಹೊಸ ಸಿಸ್ಟಮ್ ಬರೆಯುವುದು ಗುಬ್ಬಿಯ ಕೆಲಸ. ‘ಎಸ್‌ಡಿಬಿಗೆ ಬರೆ’ ಎನ್ನುವ ಆ ಕಮಾಂಡ್ ಅವಳಿಗೆ ಬಾಯಿಪಾಠ. ಇವತ್ತೂ ಟಪಟಪ ಹೊಡೆದು ಎಂಟರ್ ಒತ್ತಿದಳು.

ದೀಪ ಮಿನುಗತೊಡಗಿತು. ಕೆಂಪಿನದಲ್ಲ, ಪಕ್ಕದ ನೀಲಿಯದು.

ಗುಬ್ಬಿ ಗಾಬರಿಯಿಂದ ಅರ್ಧಕ್ಕೇ ನಿಲ್ಲಿಸಿದಳು. ನೀಲಿ ಪೆನ್‌ಡ್ರೈವ್ ಅವಳ ಬೆಂಚಿನ ಗೆಳತಿ ಉದ್ದಜಡೆಯದು. ತನ್ನ ಮನೆಯ ಕರು ಹುಟ್ಟಿದಂದಿನಿಂದ ವಾರಕ್ಕೊಂದರಂತೆ ತೆಗೆದ ಫೋಟೊಗಳೆಲ್ಲ ಅದರಲ್ಲಿದ್ದವು. “ಜೋಪಾನ ಕಣೇ, ಬೇರೆಲ್ಲೂ ಇಲ್ಲ,” ಎಂದು ಹೇಳಿಯೇ ಕೊಟ್ಟಿದ್ದಳು.

“ಅಕ್ಕಾ...”

ಅಕ್ಕ ಬಂದು ನೋಡಿದಳು. “ಮೊದಲು ಚುಚ್ಚಿದ್ದು ಯಾವುದನ್ನ?”

“ನೀಲೀನ. ಫೋಟೊ ನೋಡೋಣ ಅಂತ.”

“ಮತ್ತೆ? ಎಸ್‌ಡಿಬಿ ಅನ್ನೋದು ಕೆಂಪಿನ ಹೆಸರಲ್ಲ. ನಲ್ಲಿ ಮುಂದೆ ಸಾಲಾಗಿ ಕೊಡ ಇಡ್ತಾರಲ್ಲ, ಹಾಗೆ. ಮೊದಲು ಬಂದದ್ದು ಬಿ, ಆಮೇಲೆ ಬಂದದ್ದು ಸಿ. ನಾಳೆ ಕೆಂಪು ಮೊದಲು ಬಂದ್ರೆ ಅದೇ ಬಿ.”

“ಚೀಟೀಲಿ ಹಾಗೆ ಬರೆದಿಲ್ವಲ್ಲ.”

ಅಕ್ಕ ಚೀಟಿಯ ಕಡೆ ನೋಡಿದಳು. “ಬರೆದಿಲ್ಲ. ಅದು ನನ್ನ ತಪ್ಪು. ಸರಿ, ಸಿಕ್ಕಷ್ಟು ಹುಡುಕೋಣ. ಜರುಗು.”

ಸಂಜೆಯ ಹೊತ್ತಿಗೆ ಫೋಟೊಗಳು ಒಂದೊಂದಾಗಿ ತೆರೆಯ ಮೇಲೆ ಬಂದವು. ಕೊಂಬು ಮೂಡಿದ ಕರು, ಹಗ್ಗ ಕಚ್ಚುವ ಕರು. ಮೊದಲ ಮೂರು ವಾರದವು ಮಾತ್ರ ಬರಲೇ ಇಲ್ಲ.

“ಅವುಗಳ ಮೇಲೇ ಬರೆದುಬಿಟ್ಟಿದ್ದೀಯ,” ಎಂದಳು ಅಕ್ಕ. ಆಮೇಲೆ ತೆರೆಯ ಮೇಲೆ ಕೆಂಪು ಪೆನ್‌ಡ್ರೈವಿನ ಒಂದು ಉದ್ದನೆಯ ನಂಬರನ್ನು ತೋರಿಸಿದಳು. “ಇದು ಫ್ಯಾಕ್ಟರೀಲೇ ಕೊಟ್ಟಿದ್ದು. ಎಲ್ಲಿ ಚುಚ್ಚಿದ್ರೂ, ಯಾವಾಗ ಚುಚ್ಚಿದ್ರೂ ಬದಲಾಗಲ್ಲ.”

ಮರುದಿನ ಶಾಲೆಯಲ್ಲಿ ಗುಬ್ಬಿ ಎಲ್ಲವನ್ನೂ ಹೇಳಿದಳು. ಉದ್ದಜಡೆ ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹಿಂದಿನ ಬೆಂಚಿಗೆ ಹೋಗಿ ಕೂತಳು. ಊಟದ ಹೊತ್ತಿಗೆ ಅವಳೇ ಬಂದಳು.

“ಬರೋ ತಿಂಗಳು ನಮ್ಮ ಹಸು ಮತ್ತೆ ಕರು ಹಾಕುತ್ತೆ. ಮೂರು ವಾರ ನೀನೇ ಬಂದು ಫೋಟೊ ತೆಗೀಬೇಕು.”

“ಬರ್ತೀನಿ. ಆದ್ರೆ...” ಗುಬ್ಬಿ ತಡವರಿಸಿದಳು. “ಅದೇ ಕೊಟ್ಟಿಗೆ, ಅದೇ ಗೂಟ ಇರಬಹುದು. ಕರು ಬೇರೆ ಅಲ್ವಾ?”

“ಬೇರೇನೇ,” ಎಂದಳು ಉದ್ದಜಡೆ. “ಆದ್ರೂ ಬಾ.”

ಸಂಜೆ ಗುಬ್ಬಿ ಚೀಟಿಯಲ್ಲಿದ್ದ ಎಸ್‌ಡಿಬಿಯ ಸಾಲನ್ನು ಹೊಡೆದುಹಾಕಿದಳು. ಕಮಾಂಡಿನಲ್ಲಿ ಎಸ್‌ಡಿಬಿಯ ಬದಲು ಕೆಂಪು ಪೆನ್‌ಡ್ರೈವಿನ ಉದ್ದನೆಯ ನಂಬರನ್ನು ಬರೆದು, ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಎಂಟರ್ ಒತ್ತಿದಳು.